ಫೋಟೋದೊಳಗಿನ ಏಳು ಮಂದಿ

ವಿಜಯೀಂದ್ರರಾಯರು ಸೊಸೆಯನ್ನು ಏನೂ ಕೇಳುವ ಪೈಕಿಯವರಲ್ಲ. ಚಹಾ ಆರಿದ್ದರೂ ಹಾಗೇ ಕುಡಿದು ಕಪ್ಪು ಬಸಿ ತೊಳೆದಿಟ್ಟು ಹೋಗುವವರು. ಅಂಥವರು ಆವತ್ತು ಬೆಳಿಗ್ಗೆ ಅವಲಕ್ಕಿಯ ತಾಟು ಮುಂದಿಟ್ಟುಕೊಂಡು, ಕೈ ಹಚ್ಚದೆ, ಮಾನಸಿ ಅಡಿಗೆಮನೆಯಿಂದ ಹೊರಗೆ ಬರುವುದನ್ನೇ ಕಾಯುತ್ತ ಕೂತಿದ್ದರು.

"ಮಾನಸಿ, ನೀ ಮಂದಿಗೆಲ್ಲಾ ವೆಬ್‌ಸೈಟ್ ಮಾಡಿಕೊಡ್ತೀಯಲ್ಲಾ, ನಮ್ಮ ಲಾಜಿಗೊಂದು ಮಾಡ್ಲಿಕ್ಕೆ ಆಗ್ತದೇನು?"

ಆಫೀಸಿಗೆ ಹೊರಟಿದ್ದ ಅವಳ ಗಂಡ ಸಂಕೇತ ಬೂಟಿನ ದಾರ ಕಟ್ಟುವುದನ್ನು ಬಿಟ್ಟು ತಂದೆಯ ಕಡೆ ನೋಡಿದ. "ಅಪ್ಪಾ, ನಾ ಹುಟ್ಟಿದಾಗಿಂದ ಆ ಲಾಜಿನೊಳಗ ಏನದ ಅಂತ ನಮಗ ಒಂದ ಮಾತು ಹೇಳಿಲ್ಲ ನೀವು. ಈಗ ಊರಿಗೆಲ್ಲಾ ತೋರಸ್ತೀರೇನು?"

"ತೋರಸೂದಲ್ಲಪಾ. ಅದ ಅಂತ ಹೇಳೂದು."

ಫ್ರೀಮೇಸನ್ನರ ಲಾಜಿನ ಬಗ್ಗೆ ಮಾನಸಿಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೇ. ತಿಂಗಳಿಗೊಂದು ಶನಿವಾರ ಸಂಜೆ ಮಾವನವರು ಕರೀ ಕೋಟು ಹಾಕಿಕೊಂಡು, ಸಣ್ಣದೊಂದು ಚರ್ಮದ ಪೆಟ್ಟಿಗೆ ಹಿಡಿದುಕೊಂಡು, ರೈಲ್ವೆ ಸ್ಟೇಷನ್ನಿನ ಹಿಂದಿನ ಹಳೇ ಕಲ್ಲಿನ ಕಟ್ಟಡಕ್ಕೆ ಹೋಗುತ್ತಿದ್ದರು. ಗಂಡಸರೇ ಸೇರುವ ಕೂಟ. ಬಾಗಿಲು ಹಾಕಿಕೊಂಡು ಸಭೆ ಮಾಡುತ್ತಾರೆ, ಒಳಗೆ ಜಾತಿ ಧರ್ಮದ ಮಾತು ಎತ್ತುವ ಹಾಗಿಲ್ಲ, ಒಬ್ಬರನ್ನೊಬ್ಬರು ಬ್ರದರ್ ಅನ್ನುತ್ತಾರೆ, ದಾನ ಧರ್ಮ ಮಾಡುತ್ತಾರೆ. ಆ ಓಣಿಯ ಮಂದಿ ಕಟ್ಟಡಕ್ಕೆ ದೆವ್ವದ ಬಂಗಲಿ ಅಂತಲೇ ಹೆಸರಿಟ್ಟಿದ್ದರು. ಅತ್ತೆ ಲಕ್ಷ್ಮೀಬಾಯಿ ಪ್ರತಿ ತಿಂಗಳೂ ಗಂಡ ಸಭೆಯಲ್ಲಿ ಕೈಗೆ ಹಾಕಿಕೊಳ್ಳುವ ಬಿಳೀ ಕೈಚೀಲಗಳನ್ನು ಒಗೆದು, ನೆರೆಯವರ ಕಣ್ಣಿಗೆ ಬೀಳಬಾರದೆಂದು ಟಾವೆಲ್ಲಿನ ಕೆಳಗೆ ಒಣಹಾಕಿ, ಇಸ್ತ್ರಿ ಮಾಡಿಡುತ್ತಿದ್ದರು. ಯಾಕೆ ಎಂದು ಒಂದು ದಿನವೂ ಕೇಳಿದವರಲ್ಲ.

ಆ ಬೆಳಿಗ್ಗೆ ರಾಯರು ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆಂದರೆ, ಲಾಜು ಮುಚ್ಚುವ ಹಂತಕ್ಕೆ ಬಂದಿದೆ ಎಂಬುದು. ಏಳು ಮಂದಿ ಕೂಡದೆ ಸಭೆ ತೆರೆಯುವಂತಿಲ್ಲ. ಪಟ್ಟಿಯಲ್ಲಿ ಹೆಸರುಗಳೇನೋ ಇದ್ದವು. ಆದರೆ ಕೆಲವರು ಹಾಸಿಗೆ ಹಿಡಿದಿದ್ದರು, ಕೆಲವರು ಮಕ್ಕಳ ಜೊತೆ ಬೇರೆ ಊರು ಸೇರಿದ್ದರು. ಮೆಟ್ಟಿಲು ಹತ್ತಿ ಬರುವವರು ಸರಿಯಾಗಿ ಏಳೇ ಮಂದಿ. ಬರುವ ವರ್ಷ ಹೊಸ ಅಧ್ಯಕ್ಷರ ಪದಗ್ರಹಣದ ತನಕ ತಮ್ಮದೇ ಏಳು ಮಂದಿಯನ್ನು ನಿಲ್ಲಿಸಿ ತೋರಿಸಿ, ಆಗದಿದ್ದರೆ ಲಾಜು ನಡೆಸುವ ಸನ್ನದು ಹಿಂದೆ ಕೊಟ್ಟು ಬೇರೆ ಊರಿನ ಲಾಜಿನಲ್ಲಿ ಸೇರಿಹೋಗಿ ಎಂದು ಮೇಲಿನವರು ಹೇಳಿದ್ದರು. ಹೊಸಬರನ್ನು ಬಾ ಎಂದು ಕೈಹಿಡಿದು ಎಳೆಯುವ ಪದ್ಧತಿ ಇವರಲ್ಲಿಲ್ಲ. ಬೇಕಾದವನು ತಾನಾಗಿ ಬಂದು ಕೇಳಬೇಕು.

"ಲಾಜು ಅಂತ ಒಂದದ ಅನ್ನೂದ ಗೊತ್ತಿಲ್ಲದ ಯಾರ ಬಂದು ಕೇಳ್ತಾರ?" ಎಂದರು ರಾಯರು. ಆಮೇಲೆ ಅವಲಕ್ಕಿಗೆ ಕೈ ಹಚ್ಚಿದರು.

ಮಾನಸಿ ಮಾಡಿಕೊಡುತ್ತೇನೆ ಎಂದಳು. ದೇಶಪಾಂಡೆ ನಗರದ ಆ ಮನೆಯ ಊಟದ ಟೇಬಲ್ಲೇ ಅವಳ ಆಫೀಸು. ಹಲ್ಲಿನ ದವಾಖಾನೆ, ಸೀರೆ ಅಂಗಡಿ, ಕಲ್ಯಾಣ ಮಂಟಪ, ಹೀಗೆ ಬಂದವರಿಗೆಲ್ಲ ಮಾಡಿಕೊಡುತ್ತಿದ್ದಳು. ಆಗಲೂ ಒಂದು ಕಲ್ಯಾಣ ಮಂಟಪದ ಕೆಲಸ ಅರ್ಧಕ್ಕೆ ನಿಂತಿತ್ತು. ಲಗ್ನದ ಸೀಜನ್ನಿನೊಳಗೆ ಬೇಕೆಂದು ಅವರು ದಿನಾ ಫೋನು ಮಾಡುತ್ತಿದ್ದರು. ಸಂಕೇತ ಅದನ್ನು ನೆನಪು ಮಾಡಿದ. ಅವಳು ತಲೆ ಅಲ್ಲಾಡಿಸಿ ಡಬ್ಬಿ ಕಟ್ಟಿಕೊಟ್ಟಳು.

ಮಗಳು ಚಿನ್ಮಯೀ ಕಾಲೇಜಿನಿಂದ ಬಂದವಳೇ ಅಜ್ಜನ ಪಕ್ಕ ಕೂತು ಮೊಬೈಲಿನಲ್ಲಿ ಫ್ರೀಮೇಸನ್ ಎಂದು ಹುಡುಕಿದಳು. ಒಂದು ಕಣ್ಣು, ತಲೆಬುರುಡೆ, ಜಗತ್ತನ್ನು ಗುಪ್ತವಾಗಿ ಆಳುವವರು, ಏನೇನೋ ಬಂತು. ರಾಯರು ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿದರು.

"ನಮ್ಮ ಖಜಾಂಚಿ ಮಾತು ಅವರ ಮನ್ಯಾಗಿನ ಬೆಕ್ಕು ಸುದ್ದಾ ಕೇಳೂದಿಲ್ಲ. ಜಗತ್ತು ಎಲ್ಲಿ ಆಳಬೇಕ, ಪುಟ್ಟಾ."

ಮುಂದಿನ ರವಿವಾರ ಲಾಜಿನಿಂದ ಇಬ್ಬರು ಮನೆಗೆ ಬಂದರು. ಒಬ್ಬರು ಖಾದರಬಾಷಾ, ರೈಲ್ವೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಆ ವರ್ಷದ ಅಧ್ಯಕ್ಷರು. ಇನ್ನೊಬ್ಬ ಶಂಭುಲಿಂಗ, ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರ, ಏಳು ಮಂದಿಯೊಳಗೆ ಅವನೇ ಕಿರಿಯವನು. ಬರುವಾಗ ಹಸೀ ಕಡಲೆಯ ಗಿಡಗಳ ಒಂದು ಸೂಡು ತಂದು ಅತ್ತೆಯ ಕೈಗೆ ಕೊಟ್ಟ. ಮಂಡಿಗೆ ನೋವಿದ್ದ ಅವರು ಚಹಾ ತರಲು ಏಳುವಷ್ಟರಲ್ಲಿ ತಾನೇ ಹೋಗಿ ತಟ್ಟೆ ಹಿಡಿದುಕೊಂಡು ಬಂದ.

ಮಾನಸಿ ಕಾಗದ ಪೆನ್ನು ಇಟ್ಟುಕೊಂಡು ಕೇಳತೊಡಗಿದಳು. ವಿಳಾಸ ಹಾಕಬಹುದೇ? ಬೇಡ, ಹುಡುಗರು ಗೋಡೆ ಹತ್ತಿ ಬರುತ್ತಾರೆ. ಸಭೆಯ ದಿನ? ಬೇಡ. ಫೋನ್ ನಂಬರು? ಯಾರದು ಹಾಕುವುದು ಎಂದು ಖಾದರಬಾಷಾ ರಾಯರನ್ನು ನೋಡಿದರು, ರಾಯರು ಅವರನ್ನು ನೋಡಿದರು. ಸದಸ್ಯರ ಹೆಸರು? ಮೂವರೂ ಒಟ್ಟಿಗೆ ತಲೆ ಅಲ್ಲಾಡಿಸಿದರು.

"ಹಂಗಾದ್ರ ಏನ ಹಾಕ್ಲಿ, ಕಾಕಾ?"

"ಹಿಸ್ಟರಿ ಹಾಕವಾ," ಎಂದರು ಖಾದರಬಾಷಾ. "ಅದಕ್ಕ ಯಾರೂ ಬ್ಯಾಡ ಅನ್ನೂದಿಲ್ಲ. ಎಲ್ಲಾರೂ ಸತ್ತಾರ."

ಮಾನಸಿ ನಕ್ಕಳು, ಆದರೆ ಬಿಡಲಿಲ್ಲ. ವೆಬ್‌ಸೈಟು ತೆರೆಯುವವನಿಗೆ ಮೂರು ಮಾತು ಬೇಕು ಎಂದು ಹೇಳಿದಳು. ಇವರು ಯಾರು, ಏನು ಮಾಡುತ್ತಾರೆ, ನಾನು ಯಾರನ್ನು ಕೇಳಬೇಕು. ಈ ಮೂರೂ ಇಲ್ಲದಿದ್ದರೆ ಅದು ಬರೀ ಗೋಡೆ. ಅವರಿಗೆ ಅದು ಒಪ್ಪಿಗೆಯಾಯಿತು. ವಾರಗಟ್ಟಲೆ ಕೆಲಸ ನಡೆಯಿತು. ಸಿದ್ಧವಾಗಿ ಸಿಗುತ್ತಿದ್ದ ಕಪ್ಪು-ಬಂಗಾರದ ನಮೂನೆಗಳನ್ನೆಲ್ಲ ಅವಳು ಬಿಟ್ಟಳು. ಒಂಟಿ ಕಣ್ಣನ್ನು ತೆಗೆದಳು. ಕಟ್ಟಡದ ಕಲ್ಲಿನ ಬೂದಿ ಬಣ್ಣ, ಒಂದು ನೀಲಿ, ಉಳಿದದ್ದೆಲ್ಲ ಬಿಳಿ. ಕನ್ನಡ ಮೊದಲು, ಇಂಗ್ಲಿಷು ಆಮೇಲೆ. ರಾಯರು ಮಧ್ಯಾಹ್ನದ ಊಟವಾದ ಮೇಲೆ ಎದುರಿಗೆ ಕೂತು ಒಂದೊಂದೇ ವಾಕ್ಯ ಹೇಳುತ್ತಿದ್ದರು. ಹೇಳಬಾರದ್ದು ಬಂದಾಗ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವಳು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು.

ಸದಸ್ಯರನ್ನು ಹೇಗೆ ಆರಿಸುತ್ತಾರೆ ಎಂಬ ಪುಟ ಬಂದಾಗ ಅವರು ಪೆಟ್ಟಿಗೆಯ ವಿಷಯ ಹೇಳಿದರು. ಒಂದು ಕಟ್ಟಿಗೆಯ ಪೆಟ್ಟಿಗೆ, ಬಿಳೀ ಗುಂಡು, ಕರೀ ಗುಂಡು. ಪ್ರತಿಯೊಬ್ಬನೂ ಕೈ ಒಳಗೆ ಹಾಕಿ ಒಂದು ಗುಂಡು ಬಿಡುತ್ತಾನೆ. ಒಂದೇ ಒಂದು ಕರೀ ಗುಂಡು ಬಂದರೂ ಮುಗಿಯಿತು. ಯಾರು ಹಾಕಿದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಕೇಳುವುದೂ ಇಲ್ಲ.

"ಅಂದ್ರ ಒಬ್ಬನ ಹೊಟ್ಟಿಕಿಚ್ಚು ಸಾಕು," ಎಂದ ಸಂಕೇತ, ರೊಟ್ಟಿ ಮುರಿಯುತ್ತ.

"ಒಬ್ಬನ ಅಂಜಿಕಿನೂ ಸಾಕು," ಎಂದರು ರಾಯರು. "ಎದುರಾಎದುರು ಬ್ಯಾಡ ಅನ್ಲಿಕ್ಕೆ ಎಲ್ಲಾರಿಗೂ ಆಗೂದಿಲ್ಲಪಾ. ಅದಕ್ಕನ ಪೆಟಿಗಿ ಇಟ್ಟಾರ."

ಎಲ್ಲ ಪುಟಗಳೂ ಆದ ಮೇಲೆ ಮಾನಸಿಗೆ ಅದು ಚೆಂದವಾಗಿ ಕಂಡಿತು, ಆದರೆ ಸಪ್ಪೆ ಅನ್ನಿಸಿತು. ಮುಖಗಳಿರಲಿಲ್ಲ. ಬುರುಡೆಯ ಚಿತ್ರ ನೋಡಿ ಅಂಜಿದವನಿಗೆ, ಇವರು ನಮ್ಮ ಓಣಿಯ ಕಾಕಾಗಳೇ ಎಂದು ತಿಳಿಯಬೇಕಾದರೆ ಮುಖ ಬೇಕು. ಮುಖದ ಕೆಳಗೆ ಹೆಸರು ಬೇಕು. ಸಭೆಯಲ್ಲಿ ಕಟ್ಟಿಕೊಳ್ಳುವ ಏಪ್ರನ್ನು ಗೀಪ್ರನ್ನು ಬೇಡ, ನಾಟಕ ಕಂಪನಿ ಕಂಡಂತೆ ಆಗುತ್ತದೆ, ದಿನದ ಅರಿವೆಯಲ್ಲೇ ಮೆಟ್ಟಿಲ ಮೇಲೆ ನಿಲ್ಲಲಿ ಎಂದಳು. ರಾಯರು ಲಾಜಿನಲ್ಲಿ ಕೇಳುತ್ತೇನೆ ಎಂದರು. ಆ ಶನಿವಾರ ಮನೆಗೆ ಬಂದವರು ಕೋಟು ಬಿಚ್ಚುವುದಕ್ಕಿಂತ ಮೊದಲೇ ಸುದ್ದಿ ಹೇಳಿದರು. ಅಧ್ಯಕ್ಷರು ಕೇಳಿದರು, ಎಲ್ಲರೂ ಕೈ ಎತ್ತಿದರು, ಒಬ್ಬರದೂ ತಕರಾರಿಲ್ಲ.

ಫೋಟೋ ತೆಗೆಯಲು ಮಾನಸಿಯೇ ಹೋದಳು. ಮುದುಕರೆಲ್ಲ ಹೊಸ ಅಂಗಿ ಹಾಕಿ ಬಂದಿದ್ದರು. ಒಬ್ಬರು ಮೀಸೆಗೆ ಬಣ್ಣ ಹಚ್ಚಿಸಿಕೊಂಡಿದ್ದರು, ಅದಕ್ಕೆ ಉಳಿದವರು ಮದುಮಗ ಬಂದ ಎಂದು ಕಾಡಿಸಿದರು. ಶಂಭುಲಿಂಗ ತಡಮಾಡಿ ಬಂದು ತುದಿಯಲ್ಲಿ, ಖಾದರಬಾಷಾ ಅವರ ಹೆಗಲ ಹಿಂದೆ ನಿಂತುಕೊಂಡ.

"ಅಣ್ಣಾರ, ಸ್ವಲ್ಪ ಮುಂದ ಬರ್ರಿ. ಮುಖ ಕಾಣಿಸವಲ್ದು," ಎಂದಳು ಮಾನಸಿ.

ಅವನು ಮುಂದೆ ಬಂದ.

ವೆಬ್‌ಸೈಟು ಊರ ಮಂದಿಯ ಮೊಬೈಲಿನಲ್ಲಿ ಸಿಗಲು ಶುರುವಾದ ಮೇಲೆ ಮೊದಮೊದಲು ಬಂದ ವಿಚಾರಣೆಗಳೆಲ್ಲ ರೂಮಿನವು. ಎಸಿ ರೂಮಿಗೆ ಎಷ್ಟು, ಬೆಳಿಗ್ಗೆ ಬಿಸಿನೀರು ಬರುತ್ತದೋ ಇಲ್ಲವೋ, ಮದುವೆಯ ದಿಬ್ಬಣದವರಿಗೆ ರಿಯಾಯಿತಿ ಇದೆಯೇ. ರಾಯರು ಪ್ರತಿಯೊಂದಕ್ಕೂ, ತಾವು ತಿಳಿದಂಥ ಲಾಜು ಇದಲ್ಲ, ಸ್ಟೇಷನ್ ಎದುರಿಗೆ ಒಳ್ಳೆಯ ಹೋಟೆಲುಗಳಿವೆ ಎಂದು ಉತ್ತರ ಬರೆಸಿದರು. ಮನೆಯಲ್ಲಿ ಅದೇ ಒಂದು ನಗೆಯಾಯಿತು. ಲಕ್ಷ್ಮೀಬಾಯಿ ಒಂದು ಮಧ್ಯಾಹ್ನ ಮೊಮ್ಮಗಳ ಹತ್ತಿರ ಕೂತು ಎಲ್ಲ ಪುಟಗಳನ್ನೂ ಓದಿಸಿಕೊಂಡರು. ಅಂಧ ಮಕ್ಕಳ ಶಾಲೆಗೆ ವರ್ಷದ ಜೋಳ, ಸತ್ತ ಸದಸ್ಯರ ಹೆಂಡಂದಿರಿಗೆ ಔಷಧದ ಖರ್ಚು, ಒಬ್ಬರಿಗೊಬ್ಬರು ಸುಳ್ಳು ಹೇಳಬಾರದೆಂಬ ನಿಯಮ. ಕೇಳಿ ಮುಗಿಸಿ ಗಂಡನನ್ನು ನೋಡಿದರು.

"ಇಷ್ಟ ಏನು? ಇದಕ್ಕ ಯಾಕ ಬಾಗಲಾ ಹಾಕ್ಕೋತಿದ್ರಿ?"

ರಾಯರು ನಕ್ಕರು. ಅವರು ಅಷ್ಟು ಹಗುರಾಗಿದ್ದನ್ನು ಮಾನಸಿ ಬಹಳ ದಿನದಿಂದ ಕಂಡಿರಲಿಲ್ಲ.

ಶಂಭುಲಿಂಗನ ಫೋನು ಬಂದಾಗ ಅವಳು ಪಲ್ಯಕ್ಕೆ ಹೀರೇಕಾಯಿ ಹೆರೆಯುತ್ತಿದ್ದಳು. ಯಾರದೋ ಬೇರೆ ನಂಬರು; ಹಿಂದೆ ಮಾರ್ಕೆಟ್ಟಿನ ಗದ್ದಲ.

"ತಂಗಿ, ನಾನು, ಶಂಭುಲಿಂಗ. ಆ ಫೋಟೋ ತಗದಬಿಡಾಕ ಬರ್ತೈತೇನವಾ?"

"ಯಾಕ್ರಿ ಅಣ್ಣಾರ, ಏನಾತು?"

"ಏನಿಲ್ಲ. ಮನ್ಯಾಗ ಸ್ವಲ್ಪ ಇದಾಗೇತಿ. ರಾಯರಿಗೆ ಹೇಳಬ್ಯಾಡ ತಂಗಿ, ಅವರು ಮನಸಿಗೆ ಹಚ್ಕೋತಾರ."

ಅವಳು ಕೈ ಕೂಡ ತೊಳೆಯದೆ ಫೋಟೋ ತೆಗೆದಳು. ಹೆಸರುಗಳನ್ನೂ ತೆಗೆದಳು. ಮಾವನವರು ಕೇಳಿದರೆ ಸರ್ವರ್ ತೊಂದರೆ ಎಂದರಾಯಿತು ಎಂದುಕೊಂಡಳು. ಆದರೆ ಫೋಟೋ ಅಷ್ಟರಲ್ಲಾಗಲೇ ಮೊಬೈಲಿನಿಂದ ಮೊಬೈಲಿಗೆ ಹಾರಿಹೋಗಿತ್ತು. ಸಂಕೇತನ ಆಫೀಸಿನಲ್ಲಿ ಯಾರೋ ಅವನಿಗೇ ಅದನ್ನು ತೋರಿಸಿದರು. ಏಳು ಮುಖ, ಕೆಳಗೆ ಹೆಸರು, ಅದರ ಕೆಳಗೆ ಯಾರೋ ಸೇರಿಸಿದ ಬರಹ: ಇವರು ತಮ್ಮ ತಮ್ಮ ದೇವರನ್ನು ಬಿಟ್ಟವರು, ಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡುವವರು, ನಿಮ್ಮ ಓಣಿಯಲ್ಲಿದ್ದರೆ ಎಚ್ಚರ. ಆ ದಿನ ಸಂಕೇತ ಮನೆಗೆ ಬಂದವನು ಬೂಟು ಬಿಚ್ಚದೆ ನಡುಮನೆಗೆ ಬಂದ.

ಮಾವನವರಿಗೆ ಗೊತ್ತಾಗಬಾರದೆಂದು ಮಾನಸಿ ಮಾಡಿದ್ದೆಲ್ಲ ಅಲ್ಲಿಗೆ ಮುಗಿಯಿತು. ಊಟದ ಹೊತ್ತಿಗೆ ಚಿನ್ಮಯೀ ಉಳಿದದ್ದನ್ನು ಹೇಳಿದಳು. ಶಂಭುಲಿಂಗನ ಮಗಳು ಶಾಂಭವಿ ಅವಳ ಕಾಲೇಜಿನವಳೇ. ಅವರ ಮನೆಯಲ್ಲಿ ಅಜ್ಜಿ ಗೌರಕ್ಕ ಮಗನ ಕೈಯ ನೀರು ಕುಡಿಯುವುದನ್ನು ಬಿಟ್ಟಿದ್ದರು. ಮಗ ಕೊರಳಿನ ಲಿಂಗ ಬಿಟ್ಟ ಎಂದು ಅವರಿಗೆ ಯಾರೋ ಹೇಳಿದ್ದರು. ಅವನು ಅಂಗಿಯ ಗುಂಡಿ ಬಿಚ್ಚಿ ತೋರಿಸಿದರೂ, ಅದು ಬರೀ ತೋರಿಕೆಗೆ ಕಟ್ಟಿಕೊಂಡದ್ದು ಎಂದರಂತೆ. ದೊಡ್ಡಪ್ಪ ಮಡಿವಾಳಪ್ಪ ಮಠದ ಕಮಿಟಿಯಲ್ಲಿರುವವರು, ನಾಲ್ಕು ಮಂದಿಯಲ್ಲಿ ಮುಖ ತೋರಿಸುವುದು ಹೆಂಗ ಎಂದು ತಮ್ಮನಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿದ್ದರು. ಶಂಭುಲಿಂಗ ಮಾರ್ಕೆಟ್ಟಿನ ಖಾನಾವಳಿಯಲ್ಲಿ ಉಣ್ಣುತ್ತಿದ್ದ.

"ಅವ ಮನ್ಯಾಗ ಹೇಳೇ ಇಲ್ಲೇನು?" ಎಂದಳು ಮಾನಸಿ.

"ಇಷ್ಟು ವರ್ಷ ಭಜನಿಗೆ ಹೋಗ್ತೇನಿ ಅಂತ ಹೇಳಿ ಬರ್ತಿದ್ನಂತ," ಎಂದಳು ಚಿನ್ಮಯೀ.

ಸಂಕೇತ ತಾಟು ಸರಿಸಿದ. "ಅಪ್ಪಾ, ನಿಮ್ಮ ಲಾಜು ಉಳೀಲಿ ಅಂತ ಒಬ್ಬರ ಮನಿ ಮುರಿದ್ರಿ. ಇಕಿ ನಿಮ್ಮ ಕೆಲಸಾ ಮಾಡಕೋತ ಕೂತು ಮಂಟಪದವರ ಕೆಲಸಾ ಕಳಕೊಂಡಳು, ಅವರು ಬ್ಯಾರೆಯವರಿಗೆ ಕೊಟ್ಟರು. ಗೊತ್ತದೇನು ನಿಮಗ?"

ರಾಯರಿಗೆ ಅದು ಗೊತ್ತಿರಲಿಲ್ಲ. ಸೊಸೆಯನ್ನು ನೋಡಿದರು. ಅವಳು ಗಂಡನಿಗೆ ಸಾರು ಬಡಿಸಲು ಬಗ್ಗಿದಳು.

"ಕೈ ಎತ್ತಿದ್ದನಲ್ಲಾ ಅವ," ಎಂದರು ರಾಯರು. "ಎಲ್ಲಾರ ಜೋಡಿ ಕೈ ಎತ್ತಿದ್ದ."

ಲಕ್ಷ್ಮೀಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ದನಿ ಏರಿಸಿದವರಲ್ಲ, ಆವತ್ತೂ ಏರಿಸಲಿಲ್ಲ.

"ಆರು ಮಂದಿ ಎತ್ತಿದ ಮ್ಯಾಲೆ ಏಳನೇದವ ಹೆಂಗ ಬಿಟ್ಟಾನು? ನಿಮಗ ತಿಳೀಲಿಲ್ಲೇನು? ಇಷ್ಟ ವರ್ಷ ನಾ ಒಂದ ಮಾತ ಕೇಳಲಿಲ್ಲ. ನೀವು ಜ್ವಾಪಾನ ಮಾಡೂದು ಏನೋ ಅದ, ನಾ ಕೇಳಿದ್ರ ಅದು ಕೆಡ್ತದ ಅಂತ ಕೈಚೀಲ ಸುದ್ದಾ ಅರಿವ್ಯಾಗ ಮುಚ್ಚಿ ಒಣಾ ಹಾಕಿದೆ. ನೀವು ಆ ಹುಡುಗನ್ನ ಬೀದ್ಯಾಗ ಒಣಾ ಹಾಕಿದ್ರಿ."

ರಾಯರು ಎದ್ದು ಕೈ ತೊಳೆದರು. ತಾಟಿನಲ್ಲಿ ಅನ್ನ ಹಾಗೇ ಇತ್ತು. ಮಾನಸಿ ಟಾವೆಲ್ ಕೊಡಲು ಹೋದಾಗ ಅವಳಿಗೆ ಮಾತ್ರ ಕೇಳುವಂತೆ ಹೇಳಿದರು.

"ಪೆಟಿಗಿ ತರಸಬೇಕಾಗಿತ್ತು. ಫೋಟೋ ಅಂದ್ರ ಸಣ್ಣ ಮಾತು ಅನಿಸ್ತು. ಪೆಟಿಗಿ ಇದ್ದಿದ್ರ ಅವ ಕರೀ ಗುಂಡು ಹಾಕ್ತಿದ್ದ. ಯಾರಿಗೂ ಗೊತ್ತಾಗ್ತಿದ್ದಿಲ್ಲ."

ಮಾನಸಿಗೆ ಆ ಮೆಟ್ಟಿಲು ನೆನಪಾಯಿತು, ಮುಂದ ಬರ್ರಿ ಎಂದ ತನ್ನ ದನಿ ನೆನಪಾಯಿತು.

ಆ ತಿಂಗಳ ಸಭೆಗೆ ಶಂಭುಲಿಂಗ ಬರಲಿಲ್ಲ. ಆರು ಮಂದಿ ಕತ್ತಲಾಗುವ ತನಕ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಎದ್ದು ಬಂದರು. ಫೋನು ಮಾಡಿದರೆ ಅವನು ಎತ್ತುತ್ತಿರಲಿಲ್ಲ. ರಾಜೀನಾಮೆಯನ್ನೂ ಕೊಟ್ಟಿರಲಿಲ್ಲ. ಅದೊಂದೇ ಎಳೆಯನ್ನು ಹಿಡಿದುಕೊಂಡು ರಾಯರು ಎರಡು ವಾರ ಕಳೆದರು. ಊಟ ಅರ್ಧಕ್ಕೆ ಇಳಿದಿತ್ತು. ಸಂಕೇತ ತಾನಂದದ್ದಕ್ಕೆ ಪಶ್ಚಾತ್ತಾಪಪಟ್ಟವನಂತೆ ಒಂದು ಸಂಜೆ ಅವರಿಗೆ ಸೇರುವ ಮಿರ್ಚಿ ಬಜಿ ಕಟ್ಟಿಸಿಕೊಂಡು ಬಂದ. ಅವರು ಒಂದು ತಿಂದು, ಛಲೋ ಅದ ಎಂದು ಉಳಿದದ್ದನ್ನು ಮೊಮ್ಮಗಳ ಕಡೆ ಸರಿಸಿದರು. ಕಡೆಗೆ ಒಂದು ದಿನ ಮಾನಸಿಗೆ ಹೇಳಿದರು, ಗೋಪನಕೊಪ್ಪಕ್ಕೆ ಶಂಭುಲಿಂಗನ ಮನೆಗೇ ಹೋಗೋಣ, ಮಡಿವಾಳಪ್ಪನವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಲಾಜಿನಲ್ಲಿ ಯಾರೂ ತಮ್ಮ ದೇವರನ್ನು ಬಿಡಬೇಕಿಲ್ಲ. ದೇವರಿಲ್ಲ ಎನ್ನುವವನನ್ನು ಒಳಗೇ ಸೇರಿಸುವುದಿಲ್ಲ. ಕೇಳಿದರೆ ಅವರೂ ಒಪ್ಪುತ್ತಾರೆ. ತಾಯಿಯೂ ಒಪ್ಪುತ್ತಾಳೆ. ಆಮೇಲೆ ಅವನು ಮನೆಯಲ್ಲಿ ಹೇಳಿಯೇ ಬರಬಹುದು.

"ಖರೇ ಹೇಳಿದ್ರ ಮುಗೀತು, ಮಾನಸಿ. ಮುಚ್ಚಿಟ್ಟಿದ್ದಕ್ಕನ ಇಷ್ಟೆಲ್ಲಾ ಆಗಿದ್ದು."

ಅವಳು ವೆಬ್‌ಸೈಟಿನ ಪುಟಗಳನ್ನೆಲ್ಲ ಕಾಗದದ ಮೇಲೆ ತೆಗೆದು ಒಂದು ಫೈಲಿನಲ್ಲಿ ಹಾಕಿಕೊಟ್ಟಳು. ರಾಯರು ಬಹಳ ದಿನದ ಮೇಲೆ ಇಸ್ತ್ರಿಯ ಅಂಗಿ ಕೇಳಿ ಹಾಕಿಕೊಂಡರು.

ಮಡಿವಾಳಪ್ಪ ಗಡಸು ಮನುಷ್ಯ, ಆದರೆ ಮನೆಗೆ ಬಂದ ಮುದುಕರನ್ನು ಎದ್ದು ನಿಂತು ಕರೆದರು, ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟರು. ಗೌರಕ್ಕ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ, ಸಣ್ಣ ಜೀವ. ಶಂಭುಲಿಂಗ ಬಾಗಿಲ ಚೌಕಟ್ಟಿನ ಹತ್ತಿರ ನಿಂತಿದ್ದ, ತನ್ನ ಮನೆಯಲ್ಲಿ ತಾನೇ ವಸೂಲಿಗೆ ಬಂದವನ ಹಾಗೆ. ರಾಯರನ್ನು ಕಂಡು ಅವನ ಮುಖ ಅರಳಿ ಕೂಡಲೇ ಮುದುಡಿತು.

ಕುಶಲ ಸಮಾಚಾರ ನಡೆದಿರುವಾಗ ಗೌರಕ್ಕನಿಗೆ ಕೆಮ್ಮು ಬಂತು. ನಿಲ್ಲಲೇ ಇಲ್ಲ. ಶಂಭುಲಿಂಗ ಹತ್ತಿರದಲ್ಲಿದ್ದ ತಂಬಿಗೆಯಿಂದ ವಾಟಗಕ್ಕೆ ನೀರು ಬಗ್ಗಿಸಿ ತಾಯಿಯ ಮುಂದೆ ಹಿಡಿದ. ಅವರು ಕೆಮ್ಮುತ್ತಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಕಣ್ಣಿನಲ್ಲಿ ನೀರು ಬರುತ್ತಿತ್ತು, ಉಸಿರು ಹಿಡಿಯುತ್ತಿತ್ತು. ಆದರೂ ಕೈ ಚಾಚಲಿಲ್ಲ. ಶಾಂಭವಿ ಒಳಗಿನಿಂದ ಓಡಿಬಂದು ಬೇರೆ ವಾಟಗದಲ್ಲಿ ಬೇರೆ ನೀರು ಕುಡಿಸಿದಳು. ಶಂಭುಲಿಂಗ ತನ್ನ ಕೈಯ ನೀರನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಮಾನಸಿ ಮಾವನವರ ಕಡೆ ನೋಡಿದಳು. ಅವರು ಶಂಭುಲಿಂಗನ ಕೈಯ ವಾಟಗವನ್ನೇ ನೋಡುತ್ತಿದ್ದರು. ಫೈಲು ತೊಡೆಯ ಮೇಲಿತ್ತು.

"ರಾಯರ, ಸುತ್ತಿ ಬಳಸಿ ಮಾತಾಡೂದು ಬ್ಯಾಡ," ಎಂದರು ಮಡಿವಾಳಪ್ಪ. "ನೀವು ಹಿರ್ಯಾರು, ಸುಳ್ಳು ಹೇಳೂದಿಲ್ಲ. ನಮ್ಮ ತಮ್ಮ ನಿಮ್ಮ ಲಾಜಿನ್ಯಾಗ ಅದಾನೋ ಇಲ್ಲೋ?"

ರಾಯರು ಫೈಲಿನ ಮೇಲೆ ಎರಡೂ ಕೈ ಇಟ್ಟರು.

"ಇಲ್ಲ," ಎಂದರು.

ಶಂಭುಲಿಂಗ ತಲೆ ಎತ್ತಿದ.

"ಫೋಟೋದಾಗ ನಿಂತಾನಲ್ರಿ?"

"ಅಂಧ ಮಕ್ಕಳ ಸಾಲಿಗೆ ನಾವು ಜ್ವಾಳ ಕೊಡ್ತೇವಿ. ಜ್ವಾಳ ಇವರ ಅಂಗಡಿಯಿಂದ ಬರ್ತದ. ಅದರ ಮಾತಿಗೆ ಅಂತ ಬಂದಿದ್ರು. ನೀವೂ ನಿಲ್ರಿ ಅಂತ ನಾವ ಜುಲುಮಿ ಮಾಡಿ ನಿಲ್ಲಿಸಿದ್ವಿ."

"ಹೆಸರಿನ ಕೆಳಗ ಸದಸ್ಯರು ಅಂತ ಬರದೇತಿ?"

ರಾಯರು ಫೈಲನ್ನು ಮಗುಚಿ ಇಟ್ಟುಕೊಂಡರು. ಮಾನಸಿ ಸೆರಗು ಸರಿಮಾಡಿಕೊಂಡಳು.

"ಅದು ನಂದ ತಪ್ಪುರಿ. ಬರದಾಕಿ ನಾನು. ಯಾರು ಏನು ಅಂತ ಕೇಳದ ಎಲ್ಲಾರ ಹೆಸರಿನ ಕೆಳಗೂ ಒಂದ ನಮೂನಿ ಹಾಕಿಬಿಟ್ಟೆ."

"ಅಣ್ಣಾ, ಅದು ಹಂಗಲ್ಲ..." ಎಂದು ಶಂಭುಲಿಂಗ ಒಂದು ಹೆಜ್ಜೆ ಮುಂದೆ ಬಂದ. ರಾಯರು ಅವನ ಕಡೆ ನೋಡದೆ ಮಡಿವಾಳಪ್ಪನವರಿಗೇ ಹೇಳಿದರು.

"ಇವರದೂ ನಂದೂ ಪರಿಚಯ ಜ್ವಾಳದಷ್ಟ ರೀ. ಮುಂದಿಂದು ಏನೂ ಇಲ್ಲ."

ಶಂಭುಲಿಂಗ ಅಲ್ಲಿಯೇ ನಿಂತ.

ಮಡಿವಾಳಪ್ಪ ಮಾನಸಿಗೆ ಅನ್ನುವಷ್ಟನ್ನೂ ಅಂದರು. ಕಲಿತವರು ಹಿಂಗ ಕಣ್ಣುಮುಚ್ಚಿ ಕೆಲಸ ಮಾಡಿದರೆ ಮಂದಿಯ ಮನೆ ಉಳಿಯುವುದು ಹೇಗೆ, ಬರೆಯಲು ಬಾರದಿದ್ದರೆ ಈ ಉದ್ಯೋಗ ಯಾಕೆ ಎಂದರು. ಅವಳು ತಲೆ ತಗ್ಗಿಸಿ ಹೌದ್ರಿ, ಹೌದ್ರಿ ಎಂದಳು. ಹೆಸರು ತಪ್ಪಾಗಿ ಬಂದಿತ್ತು, ಈ ಮನುಷ್ಯನಿಗೂ ನಮಗೂ ಯಾವ ಕಾಲಕ್ಕೂ ಸಂಬಂಧವಿಲ್ಲ ಎಂದು ಆ ವೆಬ್‌ಸೈಟಿನಲ್ಲೇ, ಊರಿಗೆಲ್ಲ ಕಾಣುವಂತೆ ಹಾಕಬೇಕು ಎಂದರು. ಹಾಕಿಸುತ್ತೇವೆ ಎಂದು ರಾಯರು ಒಪ್ಪಿದರು.

"ಸಾಕ ಬಿಡೋ ಮಡಿವಾಳಪ್ಪ," ಎಂದರು ಗೌರಕ್ಕ ಕಂಬಳಿಯ ಮೇಲಿಂದ. "ಹೆಣ್ಮಗಳು ಬಿಸಲಾಗ ಇಲ್ಲಿತನಾ ಬಂದು ತಪ್ಪಾತು ಅಂದಾಳ. ಮತ್ತೇನು ಮಾಡಬೇಕಕಿ?" ಆಮೇಲೆ ಕಿರಿಯ ಮಗನ ಕಡೆ ತಿರುಗಿದರು. "ಶಂಭೂ, ಒಂದೀಟ ನೀರ ಕೊಡಪಾ."

ಅವನು ಕೊಟ್ಟ. ಅರ್ಧ ನೀರು ಅವರ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಅವರು ಪೂರ್ತಿ ಕುಡಿದರು.

ಕಾರಿನಲ್ಲಿ ಕೂತ ಮೇಲೆ ರಾಯರು ಖಾದರಬಾಷಾ ಅವರಿಗೆ ಫೋನು ಹಚ್ಚಿದರು. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಆ ಕಡೆಯಿಂದ ಏನು ಬಂತೋ, ಮಾನಸಿಗೆ ಈ ಕಡೆಯದಷ್ಟೇ ಕೇಳಿತು.

"ಅವನ್ನ ಕೇಳಬೇಕಿತ್ತು, ಖರೇ. ಕೇಳಿದ್ರ ಅವ ಅಲ್ಲೇ ನಿಂತು ಇದ್ದದ್ದು ಇದ್ದಂಗ ಹೇಳ್ತಿದ್ದ... ಹೌದು, ಇನ್ನ ಆರಽ ಮಂದಿ. ಸನ್ನದು ಯಾವಾಗ ಕಳಸೂದು ನೋಡ್ರಿ... ಇಲ್ಲ, ಮತ್ತ ಅವನ್ನ ಕರೀಲಿಕ್ಕೆ ಬರೂದಿಲ್ಲ. ಇನ್ನ ಅವ ಆ ಮೆಟ್ಟಲಾ ಹತ್ತಿದ್ರ ನಾ ಸುಳ್ಳಾಗ್ತೇನಿ, ಅವರ ತಾಯಿ ಮತ್ತ ಅವನ ಕೈಯ ನೀರು ಬಿಡ್ತಾಳ."

ಫೋನು ಇಟ್ಟು ಕಣ್ಣು ಮುಚ್ಚಿದರು. ಉಣಕಲ್ಲಿನ ಸಿಗ್ನಲ್ಲಿನಲ್ಲಿ ಮಾನಸಿ ಕಾರು ನಿಲ್ಲಿಸಿದಾಗ ಹೇಳಿದರು.

"ಅವರು ನಿನ್ನ ಕೆಲಸಕ್ಕ ಹೆಸರಿಟ್ಟರು. ನಾ ಸುಮ್ಮನ ಕೂತೆ."

"ಇರ್ಲಿ ಬಿಡ್ರಿ, ಮಾಮಾ."

"ಛಲೋ ಆಗಿತ್ತು ನಿನ್ನ ವೆಬ್‌ಸೈಟು. ಸುಮಾರ ಆಗಿದ್ರ ಯಾರೂ ನೋಡ್ತಿದ್ದಿಲ್ಲ."

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಮಾನಸಿಗೆ ಹಸಿರು ಬಂದದ್ದು ಕಂಡಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಇಟ್ಟಿತ್ತು. ರಾಯರು, ಮೊದಲು ಒಪ್ಪಿ ಬಂದ ಕೆಲಸ ಮುಗಿಯಲಿ ಎಂದು ಟೇಬಲ್ಲಿನ ಆ ತುದಿಗೆ ಕೂತರು. ಲಕ್ಷ್ಮೀಬಾಯಿ ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ, ಸಾರಿನ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟರು. ರಾಯರು ಹೇಳುತ್ತ ಹೋದರು, ಮಾನಸಿ ಬರೆಯುತ್ತ ಹೋದಳು. ಗೋಪನಕೊಪ್ಪದ ಶ್ರೀ ಶಂಭುಲಿಂಗ ಅವರ ಹೆಸರು ನಮ್ಮ ತಪ್ಪಿನಿಂದ ಇಲ್ಲಿ ಪ್ರಕಟವಾಗಿತ್ತು. ಅವರು ಈ ಲಾಜಿನ ಸದಸ್ಯರಲ್ಲ, ಹಿಂದೆಂದೂ ಆಗಿರಲಿಲ್ಲ. ಇದರಿಂದ ಅವರ ಮನೆತನಕ್ಕೆ ಆದ ನೋವಿಗೆ ಕ್ಷಮೆ ಕೇಳುತ್ತೇವೆ. 'ಹಿಂದೆಂದೂ' ಎನ್ನುವಲ್ಲಿ ರಾಯರು ನಿಂತರು. ಅವಳು ಕಾದಳು. ಬರಿ, ಎಂದರು.

ಇತಿಹಾಸ, ಜೋಳ, ಬಿಳಿಗುಂಡು ಕರಿಗುಂಡು, ಎಲ್ಲ ಪುಟಗಳನ್ನೂ ಅವರೇ ತೆಗೆಸಿದರು. ಬೂದಿ ಬಣ್ಣದ ಮೇಲೆ ಆ ಮೂರು ಸಾಲು ಮಾತ್ರ ಉಳಿದವು. ಅವಳ ಹೆಗಲ ಮೇಲಿಂದ ಬಗ್ಗಿ ಅವರು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು.

"ಅಕ್ಷರ ಇನ್ನೊಂದೀಟ ದೊಡ್ಡೂ ಮಾಡು," ಎಂದರು. "ಅವರ ತಾಯಿಗೆ ಕಾಣಬೇಕು."

ಮಾನಸಿ ದೊಡ್ಡವು ಮಾಡಿದಳು.